ಬೂಷ್ಟು, ವಿಷ ಮತ್ತು ವಂಶವಾಹಿ: ಧಾನ್ಯದ ಪರೀಕ್ಷೆ ಎಲ್ಲಿ ನಡೆಯಬೇಕು?



ಏಕದಳ ಧಾನ್ಯಗಳಲ್ಲಿ ಸೇರಿಕೊಂಡು ವಿಷ ತಯಾರಿಸುವ ಶಿಲೀಂಧ್ರಗಳನ್ನು ಅವುಗಳ ವಂಶವಾಹಿಯಿಂದಲೇ ಗುರುತಿಸುವ ಪರೀಕ್ಷೆಯ ಬಗ್ಗೆ ಈ ಉಪನ್ಯಾಸದಲ್ಲಿ ಮಾತನಾಡಬೇಕೆಂದಿದ್ದೇನೆ. ವಿಷಯ ಪ್ರಯೋಗಾಲಯದ್ದು ಅನ್ನಿಸಬಹುದು. ಆದರೆ ಇದನ್ನು ಚರ್ಚಿಸಲು ಮಾಗಡಿ ತಾಲ್ಲೂಕಿನ ತಿಪ್ಪಸಂದ್ರದಂಥ ಹೋಬಳಿಗಿಂತ ತಕ್ಕ ಜಾಗ ನನಗೆ ತೋಚುವುದಿಲ್ಲ. ಮಾಗಡಿ ಸೀಮೆ ರಾಗಿಯ ನೆಲ. ಹೊಲದಲ್ಲಿ ರಾಗಿ, ಅಕ್ಕಡಿ ಸಾಲಿನಲ್ಲಿ ಅವರೆ, ತೊಗರಿ, ಸಾಸಿವೆ. ನೀರಿರುವ ಕಡೆ ಹಿಪ್ಪುನೇರಳೆ. ಕೊಟ್ಟಿಗೆಯ ಸೀಮೆಹಸುವಿಗೆಂದು ಮುಸುಕಿನ ಜೋಳ. ತಿನ್ನುವ ಕಾಳು, ದನದ ಮೇವು, ಡೇರಿಗೆ ಹಾಕುವ ಹಾಲು ಮೂರೂ ಒಂದೇ ಮನೆಯಲ್ಲಿ ಕೂಡುತ್ತವೆ. ನಾನು ಹೇಳಬೇಕೆಂದಿರುವ ಶಿಲೀಂಧ್ರಗಳೂ ಈ ಮೂರರ ನಡುವೆಯೇ ಓಡಾಡುತ್ತವೆ.

ಬೂಷ್ಟು ಹಿಡಿದ ಕಾಳನ್ನು ಗುರುತಿಸುವುದು ಹೇಗೆಂದು ಈ ಸೀಮೆಯ ಹೆಣ್ಣುಮಕ್ಕಳಿಗೆ ಯಾರೂ ಕಲಿಸಬೇಕಾಗಿಲ್ಲ. ಮೊರದಲ್ಲಿ ಕೇರುವಾಗ ಕಣ್ಣು ಹೇಳುತ್ತದೆ. ಹಿಡಿ ಕಾಳನ್ನು ಮೂಗಿನ ಹತ್ತಿರ ತಂದರೆ ಮುಗ್ಗಲು ವಾಸನೆ ಹೇಳುತ್ತದೆ. ಈ ತಿಳಿವಳಿಕೆ ಎಷ್ಟೋ ಜೀವ ಉಳಿಸಿದೆ. ಆದರೂ ಅದಕ್ಕೊಂದು ಗಡಿ ಇದೆ. ಬೂಷ್ಟು ಕಣ್ಣಿಗೆ ಕಾಣುತ್ತದೆ, ಅದು ಬಿಟ್ಟುಹೋದ ವಿಷ ಕಾಣುವುದಿಲ್ಲ. ಅಫ್ಲಾಟಾಕ್ಸಿನ್ ಎಂಬ ವಿಷ ಕಾಳಿನಲ್ಲಿ ಎಷ್ಟಿರಬಹುದು ಎಂಬುದಕ್ಕೆ ನಮ್ಮ ಆಹಾರ ಸುರಕ್ಷತಾ ಪ್ರಾಧಿಕಾರ ಹಾಕಿರುವ ಮಿತಿ ಕಿಲೋಗೆ 15 ಮೈಕ್ರೋಗ್ರಾಂ. ಅಂದರೆ ಒಂದು ಟನ್ ಧಾನ್ಯದಲ್ಲಿ 15 ಮಿಲಿಗ್ರಾಂ. ಯಾವ ಕಣ್ಣಿಗೂ ಮೂಗಿಗೂ ನಾಲಿಗೆಗೂ ಇಷ್ಟು ಸಣ್ಣ ಪ್ರಮಾಣ ಸಿಕ್ಕುವುದಿಲ್ಲ. ಇನ್ನೂ ಕಷ್ಟದ ಸಂಗತಿಯೆಂದರೆ, ಕೆಲವು ಶಿಲೀಂಧ್ರಗಳು ಬೂಷ್ಟಾಗಿ ಹೊರಗೆ ಬರುವುದೇ ಇಲ್ಲ. ಮುಸುಕಿನ ಜೋಳದ ಫ್ಯುಸೇರಿಯಂ ವರ್ಟಿಸಿಲಿಯಾಯ್ಡಿಸ್ ಬೀಜದೊಳಗೆ ಅಡಗಿ, ಮೊಳಕೆಯ ಜೊತೆಗೆ ಗಿಡದೊಳಕ್ಕೆ ಏರಿ, ಮತ್ತೆ ತೆನೆಯ ಕಾಳಿಗೆ ಸೇರಬಲ್ಲದು. ಇಷ್ಟಾದರೂ ಗಿಡ ಹಸಿರಾಗಿಯೇ ಇರುತ್ತದೆ, ಕಾಳು ಹೊಳೆಯುತ್ತಲೇ ಇರುತ್ತದೆ.

ನನ್ನ ವಾದವನ್ನು ಮೊದಲೇ ಹೇಳಿಬಿಡುತ್ತೇನೆ. ವಂಶವಾಹಿ ಪರೀಕ್ಷೆ ಮುನ್ನೆಚ್ಚರಿಕೆಯ ಪರೀಕ್ಷೆ. ಧಾನ್ಯ ಊರು ಬಿಟ್ಟು, ಗೋದಾಮು ದಾಟಿ, ನಗರದ ಪ್ರಯೋಗಾಲಯ ಮುಟ್ಟಿದ ಮೇಲೆ ಅದನ್ನು ಮಾಡಿದರೆ ಅರ್ಧ ಬೆಲೆಯೂ ಉಳಿಯುವುದಿಲ್ಲ. ಅದು ನಡೆಯಬೇಕಾದದ್ದು ಒಕ್ಕಣೆಯ ಹತ್ತಿರ, ರಾಗಿ ಖರೀದಿ ಕೇಂದ್ರದ ಹತ್ತಿರ, ಪಶು ಆಹಾರ ತಯಾರಾಗುವ ಕಡೆ. ಅದರ ಖರ್ಚನ್ನೂ ಅದರಿಂದ ಬರುವ ನಷ್ಟವನ್ನೂ ರೈತನ ತಲೆಗೆ ಕಟ್ಟಬಾರದು.

ಇದಕ್ಕೆ ಮೊದಲ ಆಧಾರ ನಮ್ಮ ದಖ್ಖನ್ ಪ್ರಸ್ಥಭೂಮಿಯಲ್ಲೇ ಇದೆ. 1995ರಲ್ಲಿ ಕರ್ನಾಟಕ ಮತ್ತು ಆಂಧ್ರಪ್ರದೇಶದ ಹಳ್ಳಿಗಳಲ್ಲಿ ಜನರಿಗೆ ಹೊಟ್ಟೆನೋವು, ಹೊಟ್ಟೆಯಲ್ಲಿ ಗುಡುಗುಡು ಸದ್ದು, ಭೇದಿ ಶುರುವಾಯಿತು. ಹೈದರಾಬಾದಿನ ರಾಷ್ಟ್ರೀಯ ಪೋಷಣ ಸಂಸ್ಥೆಯ ಆರ್. ವಿ. ಭಟ್ ಮತ್ತು ಸಂಗಡಿಗರು ಹೋಗಿ ನೋಡಿದರು. ಸಮೀಕ್ಷೆ ಮಾಡಿದ 50 ಹಳ್ಳಿಗಳಲ್ಲಿ 27ರಲ್ಲಿ ಕಾಯಿಲೆ ಕಂಡಿತು. ಕಾಯಿಲೆ ಬಿದ್ದವರೆಲ್ಲ ಮಳೆಗೆ ಸಿಕ್ಕಿ ಮುಗ್ಗಿದ ಜೋಳ ಅಥವಾ ಮುಸುಕಿನ ಜೋಳದ ರೊಟ್ಟಿ ತಿಂದವರು. ಅವರೆಲ್ಲರೂ ಊರಿನ ಕಡುಬಡವರ ಮನೆಯವರು. ಉಳ್ಳವರ ಮನೆಯಲ್ಲಿ ಹಳೆಯ ದಾಸ್ತಾನು ಇರುತ್ತದೆ, ಇಲ್ಲವೇ ಬೇರೆ ಕಾಳು ಕೊಳ್ಳಲು ದುಡ್ಡಿರುತ್ತದೆ. ಇಲ್ಲದವರು ಮುಗ್ಗಿದ್ದನ್ನೇ ತೊಳೆದು, ಒಣಗಿಸಿ, ಬೀಸಿ ತಿಂದರು.

ಆ ತನಿಖೆಯ ಕ್ರಮವನ್ನು ಸ್ವಲ್ಪ ನಿಧಾನವಾಗಿ ನೋಡೋಣ. ಬಾಧಿತ ಮನೆಗಳಿಂದ 20 ಜೋಳದ ಮಾದರಿ, 12 ಮುಸುಕಿನ ಜೋಳದ ಮಾದರಿ ತಂದರು. ಎಲ್ಲದರಲ್ಲೂ ಮೇಲುಗೈ ಸಾಧಿಸಿದ್ದ ಶಿಲೀಂಧ್ರ ಫ್ಯುಸೇರಿಯಂ. ಎಲ್ಲದರಲ್ಲೂ ಫ್ಯುಮೊನಿಸಿನ್ ಬಿ1 ಎಂಬ ವಿಷ ಸಿಕ್ಕಿತು: ಜೋಳದಲ್ಲಿ ಕಿಲೋಗೆ 0.14ರಿಂದ 7.8 ಮಿಲಿಗ್ರಾಂ, ಮುಸುಕಿನ ಜೋಳದಲ್ಲಿ 0.25ರಿಂದ 64.7 ಮಿಲಿಗ್ರಾಂವರೆಗೆ. ಮುಂದೆ 2014ರಲ್ಲಿ ಕೋಡೆಕ್ಸ್ ಎಂಬ ಅಂತರರಾಷ್ಟ್ರೀಯ ಆಹಾರ ಮಾನಕ ಮಂಡಳಿ ಮುಸುಕಿನ ಜೋಳದ ಕಾಳಿಗೆ ನಿಗದಿ ಮಾಡಿದ ಮಿತಿ ಕಿಲೋಗೆ 4 ಮಿಲಿಗ್ರಾಂ. ಆ ಹಳ್ಳಿಗಳ ಅತ್ಯಂತ ಕೆಟ್ಟ ಮಾದರಿ ಅದರ 16 ಪಟ್ಟು. ಬಾಧಿತ ಮನೆಗಳ ಕಾಳನ್ನು ಒಂದು ದಿನದ ಹುಂಜದ ಮರಿಗಳಿಗೆ ಹಾಕಿದಾಗ ಅವಕ್ಕೂ ಭೇದಿಯಾಯಿತು. ಜನ ಆ ಧಾನ್ಯ ತಿನ್ನುವುದನ್ನು ಬಿಟ್ಟೊಡನೆ ಪೂರ್ತಿ ಗುಣವಾದರು.

ಫ್ಯುಮೊನಿಸಿನ್ ಎಂಬ ವಿಷವನ್ನು ದಕ್ಷಿಣ ಆಫ್ರಿಕಾದ ವಿಜ್ಞಾನಿಗಳು ಬೇರ್ಪಡಿಸಿ ಹೆಸರಿಟ್ಟದ್ದು 1988ರಲ್ಲಿ. ಏಳೇ ವರ್ಷಗಳಲ್ಲಿ ನಮ್ಮ ಹಳ್ಳಿಗಳ ರೊಟ್ಟಿಯಲ್ಲಿ ಅದನ್ನು ಪತ್ತೆ ಹಚ್ಚಿದ್ದು ಸಣ್ಣ ಸಾಧನೆಯಲ್ಲ. ಆದರೆ ಪತ್ತೆಯಾದದ್ದು ಜನ ಮಲಗಿದ ಮೇಲೆ. ಮಳೆ ಬಿದ್ದ ದಿನಕ್ಕೂ ಹೊಟ್ಟೆನೋವು ಬಂದ ದಿನಕ್ಕೂ ನಡುವೆ ಕಾಳು ಕಣದಲ್ಲಿತ್ತು, ಚೀಲದಲ್ಲಿತ್ತು, ಮನೆಯ ಮೂಲೆಯಲ್ಲಿತ್ತು. ಆ ಅವಧಿಯಲ್ಲಿ ಯಾರೂ ಏನೂ ಕೇಳಲಿಲ್ಲ. ಅಲ್ಲಿ ಕೇಳಬಹುದಾಗಿದ್ದ ಪ್ರಶ್ನೆ ಯಾವುದು ಎಂಬುದೇ ಈ ಉಪನ್ಯಾಸದ ಪ್ರಶ್ನೆ.

ಇದಕ್ಕೂ ಹಿಂದಿನ ಪ್ರಕರಣಗಳನ್ನು ಚುಟುಕಾಗಿ ನೆನಪಿಸುತ್ತೇನೆ. 1960ರಲ್ಲಿ ಇಂಗ್ಲೆಂಡಿನಲ್ಲಿ ಒಂದು ಲಕ್ಷಕ್ಕೂ ಹೆಚ್ಚು ಟರ್ಕಿ ಕೋಳಿಗಳು ಸತ್ತಾಗ, ಅವು ತಿಂದ ಕಡಲೆಕಾಯಿ ಹಿಂಡಿಯಲ್ಲಿ ಅಫ್ಲಾಟಾಕ್ಸಿನ್ ಪತ್ತೆಯಾಯಿತು. ಅಪೌಷ್ಟಿಕತೆಯಿಂದ ಚೇತರಿಸಿಕೊಳ್ಳುತ್ತಿದ್ದ ಮಕ್ಕಳಿಗೆ ಪುಷ್ಟಿಗೆಂದು ಕೊಟ್ಟ ಕಡಲೆಕಾಯಿ ಹಿಟ್ಟಿನಲ್ಲಿ ಇದೇ ವಿಷವಿದ್ದು, ಅವರ ಯಕೃತ್ತಿಗೆ ಪೆಟ್ಟಾದ ಸಂಗತಿಯನ್ನು ಮೈಸೂರಿನ ವೈದ್ಯರೂ ವಿಜ್ಞಾನಿಗಳೂ 1971ರಲ್ಲಿ ಪ್ರಕಟಿಸಿದರು. 1974ರ ಕೊನೆಯಲ್ಲಿ ರಾಜಸ್ಥಾನ ಮತ್ತು ಗುಜರಾತಿನ ಬುಡಕಟ್ಟು ಹಳ್ಳಿಗಳಲ್ಲಿ ಬೂಷ್ಟು ಹಿಡಿದ ಮುಸುಕಿನ ಜೋಳ ತಿಂದ 397 ಮಂದಿ ಕಾಮಾಲೆಗೆ ತುತ್ತಾದರು. ಅವರಲ್ಲಿ 106 ಮಂದಿ ತೀರಿಕೊಂಡರು. ಅಲ್ಲಿ ಮನೆಯ ನಾಯಿಗಳೂ ಸತ್ತಿದ್ದವು. 2004ರಲ್ಲಿ ಕೀನ್ಯಾದಲ್ಲಿ ಅದೇ ಕಾಳು, ಅದೇ ವಿಷ, 125 ಸಾವು. ಮೂವತ್ತು ವರ್ಷಗಳ ಅಂತರದ ಈ ಎರಡು ಪ್ರಕರಣಗಳಲ್ಲೂ ಸತ್ತವರಲ್ಲಿ ಹೆಚ್ಚಿನವರು ತಾವೇ ಬೆಳೆದದ್ದನ್ನು ತಿಂದ ಸಣ್ಣ ರೈತರ ಮನೆಯವರು.

ಇನ್ನು ಪರೀಕ್ಷೆಯ ವಿಚಾರಕ್ಕೆ ಬರುತ್ತೇನೆ.

ಹಳೆಯ ವಿಧಾನ ಹೀಗೆ: ಕಾಳನ್ನು ಅಗರ್ ತಟ್ಟೆಯ ಮೇಲಿಟ್ಟು ಐದಾರು ದಿನ ಕಾಯುವುದು, ಬೆಳೆದ ಶಿಲೀಂಧ್ರವನ್ನು ಸೂಕ್ಷ್ಮದರ್ಶಕದಲ್ಲಿ ನೋಡಿ ಜಾತಿ ಹೇಳುವುದು. ಈ ವಿದ್ಯೆಗೆ ನಮ್ಮ ರಾಜ್ಯದಲ್ಲಿ ಒಳ್ಳೆಯ ಪರಂಪರೆಯೇ ಇದೆ. ಡೆನ್ಮಾರ್ಕ್ ನೆರವಿನಿಂದ ಬೆಳೆದ ಏಷ್ಯನ್ ಬೀಜಾರೋಗ್ಯ ಕೇಂದ್ರ ಮೈಸೂರು ವಿಶ್ವವಿದ್ಯಾನಿಲಯದಲ್ಲಿದೆ. ಆದರೆ ಆಸ್ಪರ್ಜಿಲಸ್ ಫ್ಲೇವಸ್ ಎಂಬ ಹಸಿರು ಹಳದಿ ಬೂಷ್ಟಿನ ಎರಡು ತಳಿಗಳನ್ನು ಪಕ್ಕಪಕ್ಕ ಇಟ್ಟರೆ, ಒಂದು ವಿಷ ತಯಾರಿಸುತ್ತಿರಬಹುದು, ಇನ್ನೊಂದಕ್ಕೆ ಆ ಶಕ್ತಿಯೇ ಇಲ್ಲದಿರಬಹುದು. ಸೂಕ್ಷ್ಮದರ್ಶಕಕ್ಕೆ ಎರಡೂ ಒಂದೇ. ಎರಡನೆಯ ವಿಧಾನ ರಾಸಾಯನಿಕ ಪರೀಕ್ಷೆ. ವಿಷವನ್ನೇ ಕಾಳಿನಿಂದ ತೆಗೆದು ಅಳೆಯುತ್ತದೆ. ಕೊನೆಯ ತೀರ್ಪು ಅದರದ್ದೇ, ಕಾನೂನಿನ ಮಿತಿಯೂ ಅದರ ಭಾಷೆಯಲ್ಲೇ ಇದೆ. ಆದರೆ ಅಳೆಯುವ ಹೊತ್ತಿಗೆ ವಿಷ ಕಾಳಿನಲ್ಲಿ ಕೂತಾಗಿರುತ್ತದೆ.

ವಂಶವಾಹಿ ಪರೀಕ್ಷೆ ಈ ಎರಡರ ನಡುವೆ ಬರುತ್ತದೆ. ಶಿಲೀಂಧ್ರ ವಿಷವನ್ನು ಒಂದೇ ಏಟಿಗೆ ತಯಾರಿಸುವುದಿಲ್ಲ. ಹತ್ತಾರು ಕಿಣ್ವಗಳು ಹಂತಹಂತವಾಗಿ ಕಟ್ಟುತ್ತವೆ. ಅಫ್ಲಾಟಾಕ್ಸಿನ್‌ಗೆ ಬೇಕಾದ ಇಪ್ಪತ್ತೈದಕ್ಕೂ ಹೆಚ್ಚು ವಂಶವಾಹಿಗಳು ಶಿಲೀಂಧ್ರದ ಒಂದೇ ವರ್ಣತಂತುವಿನಲ್ಲಿ ಒತ್ತಾಗಿ, ಸುಮಾರು ಎಪ್ಪತ್ತು ಸಾವಿರ ಅಕ್ಷರಗಳಷ್ಟು ಉದ್ದದಲ್ಲಿ ಕೂತಿವೆ. ಅವುಗಳಿಗೆಲ್ಲ ಅಪ್ಪಣೆ ಕೊಡುವುದು ಎಎಫ್‌ಎಲ್‌ಆರ್ ಎಂಬ ವಂಶವಾಹಿ. ಫ್ಯುಮೊನಿಸಿನ್ ಕಟ್ಟುವ ಕೆಲಸವನ್ನು ಆರಂಭಿಸುವುದು ಎಫ್‌ಯುಎಂ1. ಗೋಧಿಯಲ್ಲಿ ಬರುವ ಡಿಆಕ್ಸಿನಿವಲೆನಾಲ್‌ನಂಥ ವಿಷಗಳಿಗೆ ಟಿಆರ್‌ಐ5. ಕಾಳಿನ ಮಾದರಿಯಲ್ಲಿ ಈ ವಂಶವಾಹಿ ಇದೆಯೇ ಎಂದು ಹುಡುಕಿದರೆ, ವಿಷ ಮಾಡಬಲ್ಲ ಶಿಲೀಂಧ್ರ ಒಳಗೆ ಸೇರಿದೆಯೇ ಎಂಬುದು ಕೆಲವೇ ಗಂಟೆಗಳಲ್ಲಿ ತಿಳಿಯುತ್ತದೆ.

ಹುಡುಕುವ ಬಗೆಯನ್ನು ವಿದ್ಯಾರ್ಥಿಗಳಿಗಾಗಿ ವಿವರಿಸುತ್ತೇನೆ. ಕಾಳನ್ನು ನುಣ್ಣಗೆ ಪುಡಿ ಮಾಡಿ, ದ್ರಾವಣದಲ್ಲಿ ಕದಡಿ, ಕಾಳಿನದೂ ಶಿಲೀಂಧ್ರದ್ದೂ ಸೇರಿದಂತೆ ಡಿಎನ್‌ಎ ಎಲ್ಲವನ್ನೂ ಹೊರತೆಗೆಯಬೇಕು. ಅದಕ್ಕೆ ಪ್ರೈಮರ್ ಎಂಬ ಎರಡು ಪುಟ್ಟ ಡಿಎನ್‌ಎ ತುಣುಕುಗಳನ್ನು ಸೇರಿಸಬೇಕು. ಇವು ನಾವು ಹುಡುಕುತ್ತಿರುವ ವಂಶವಾಹಿಯ ಎರಡು ತುದಿಗಳಿಗೆ ಮಾತ್ರ ಅಂಟುವಂತೆ ರಚಿಸಿದವು. ನಂತರ ಯಂತ್ರದಲ್ಲಿಟ್ಟು ಸುಮಾರು 94 ಡಿಗ್ರಿಗೆ ಕಾಯಿಸಿದರೆ ಡಿಎನ್‌ಎಯ ಎರಡು ಎಳೆ ಬಿಡಿಸಿಕೊಳ್ಳುತ್ತವೆ. 55ರ ಆಸುಪಾಸಿಗೆ ಇಳಿಸಿದರೆ ಪ್ರೈಮರ್ ಅಂಟುತ್ತದೆ. 72ಕ್ಕೆ ಏರಿಸಿದರೆ ಕಿಣ್ವ ಹೊಸ ಎಳೆ ನೇಯುತ್ತದೆ. ಪ್ರತಿ ಸುತ್ತಿಗೂ ಪ್ರತಿ ದುಪ್ಪಟ್ಟು. 30 ಸುತ್ತು ಮುಗಿಯುವ ಹೊತ್ತಿಗೆ, ಲೆಕ್ಕದ ಪ್ರಕಾರ, ಒಂದು ಪ್ರತಿ ನೂರು ಕೋಟಿ ದಾಟುತ್ತದೆ. ಹುಡುಕಿದ ವಂಶವಾಹಿ ಮಾದರಿಯಲ್ಲಿ ಇರದಿದ್ದರೆ ಪ್ರೈಮರ್‌ಗೆ ಅಂಟಲು ಜಾಗವಿಲ್ಲ, ಏನೂ ಬೆಳೆಯುವುದಿಲ್ಲ. ಇದೇ ಪಿಸಿಆರ್. ಕ್ಯಾರಿ ಮುಲ್ಲಿಸ್ 1983ರಲ್ಲಿ ಇದನ್ನು ರೂಪಿಸಿದರು, 1993ರಲ್ಲಿ ಅವರಿಗೆ ನೊಬೆಲ್ ಬಂತು. ಕೋವಿಡ್ ಕಾಲದಲ್ಲಿ ನಮ್ಮೆಲ್ಲರ ಮೂಗಿನ ಮಾದರಿಯನ್ನು ಪರೀಕ್ಷಿಸಿದ್ದೂ ಇದೇ ತತ್ತ್ವ.

ಈ ಕೆಲಸಕ್ಕೆ ಕನ್ನಡ ನಾಡು ಹೊಸದಲ್ಲ. ಮುಸುಕಿನ ಜೋಳದಲ್ಲಿ ಆಸ್ಪರ್ಜಿಲಸ್ ಫ್ಲೇವಸ್ ಮತ್ತು ಆಸ್ಪರ್ಜಿಲಸ್ ಪ್ಯಾರಾಸಿಟಿಕಸ್ ಎರಡನ್ನೂ ಎಎಫ್‌ಎಲ್‌ಆರ್ ವಂಶವಾಹಿಯ ಮೂಲಕ ಪತ್ತೆ ಮಾಡಿ ಬೇರೆಬೇರೆಯಾಗಿ ಗುರುತಿಸುವ ವಿಧಾನವನ್ನು ಮೈಸೂರಿನ ಕೇಂದ್ರೀಯ ಆಹಾರ ತಾಂತ್ರಿಕ ಸಂಶೋಧನಾಲಯದ ವಿಜ್ಞಾನಿಗಳು 2004ರಲ್ಲಿ ಪ್ರಕಟಿಸಿದರು. ಕರ್ನಾಟಕದ ಧಾನ್ಯಗಳಲ್ಲಿ ಫ್ಯುಮೊನಿಸಿನ್ ತಯಾರಿಸುವ ಫ್ಯುಸೇರಿಯಂ ಅನ್ನು ಪಿಸಿಆರ್ ಮೂಲಕ ಹುಡುಕುವ ಕೆಲಸ ಮೈಸೂರು ವಿಶ್ವವಿದ್ಯಾನಿಲಯದಲ್ಲೂ, ಅದೇ ಊರಿನ ರಕ್ಷಣಾ ಆಹಾರ ಸಂಶೋಧನಾಲಯದಲ್ಲೂ ನಡೆದಿದೆ. ವಿದ್ಯೆ ಇಲ್ಲಿಂದ ಒಂದು ಹಗಲಿನ ಬಸ್ ಪ್ರಯಾಣದಷ್ಟೇ ದೂರದಲ್ಲಿದೆ. ಅದು ಪ್ರಬಂಧಗಳಲ್ಲೇ ಉಳಿದು ಕಣಕ್ಕೆ ಇಳಿಯದೆ ಇರುವುದು ನನ್ನನ್ನು ಕಾಡುತ್ತದೆ.

ಇಷ್ಟು ಹೊಗಳಿದ ಮೇಲೆ, ಈ ಪರೀಕ್ಷೆ ಏನನ್ನು ಹೇಳಲಾರದು ಎಂಬುದನ್ನೂ ಅಷ್ಟೇ ಸ್ಪಷ್ಟವಾಗಿ ಹೇಳಬೇಕು. ವಂಶವಾಹಿ ಇರುವುದು ಬೇರೆ, ವಿಷ ಇರುವುದು ಬೇರೆ. ಬೀರುವಿನಲ್ಲಿ ಅಡುಗೆಪುಸ್ತಕ ಇದ್ದ ಮಾತ್ರಕ್ಕೆ ಒಲೆಯ ಮೇಲೆ ಅಡುಗೆ ಇದೆ ಎನ್ನಲಾಗದು. ಜಪಾನಿನಲ್ಲಿ ಸೋಯಾ ಸಾಸ್, ಅಕ್ಕಿಯ ಮದ್ಯ ತಯಾರಿಸಲು ನೂರಾರು ವರ್ಷಗಳಿಂದ ಬಳಸುವ ಆಸ್ಪರ್ಜಿಲಸ್ ಒರೈಜೆ, ನಮ್ಮ ಫ್ಲೇವಸ್‌ಗೆ ಅತಿ ಹತ್ತಿರದ ಬಂಧು. ಅಫ್ಲಾಟಾಕ್ಸಿನ್ ವಂಶವಾಹಿಗಳ ಸಾಲು ಅದರ ಎಷ್ಟೋ ತಳಿಗಳಲ್ಲಿ ಇಂದಿಗೂ ಇದೆ, ಆದರೆ ಕೆಲಸ ಮಾಡುವುದಿಲ್ಲ. ಅದು ವಿಷ ತಯಾರಿಸುವುದಿಲ್ಲ. ಒಂದೇ ಒಂದು ವಂಶವಾಹಿಯನ್ನು ನೋಡಿ ತೀರ್ಪು ಕೊಟ್ಟರೆ ನಿರಪರಾಧಿಯನ್ನು ಹಿಡಿದಂತಾಗುತ್ತದೆ. ಆದ್ದರಿಂದಲೇ ಒಳ್ಳೆಯ ಪರೀಕ್ಷೆಗಳು ಎರಡು ಮೂರು ವಂಶವಾಹಿಗಳನ್ನು ಒಟ್ಟಿಗೆ ನೋಡುತ್ತವೆ. ಇನ್ನೂ ಮುಂದುವರಿದವು ಆ ವಂಶವಾಹಿ ಕೆಲಸಕ್ಕೆ ಇಳಿದಿದೆಯೇ ಎಂಬುದನ್ನು ಆರ್‌ಎನ್‌ಎ ಮೂಲಕ ನೋಡುತ್ತವೆ.

ತಿರುಗು ಮುರುಗಾದ ಅಪಾಯವೂ ಇದೆ. ಶಿಲೀಂಧ್ರ ಸತ್ತು, ಅದರ ಡಿಎನ್‌ಎ ಚೂರುಚೂರಾದ ಮೇಲೂ ವಿಷ ಉಳಿಯುತ್ತದೆ. ಹುರಿದ, ಬೀಸಿದ, ಬೇಯಿಸಿದ ಪದಾರ್ಥದಲ್ಲಿ ವಂಶವಾಹಿ ಸಿಗಲಿಲ್ಲವೆಂದು ನಿಶ್ಚಿಂತರಾಗುವಂತಿಲ್ಲ. ಎಸರು ಕುದಿಯುವುದು 100 ಡಿಗ್ರಿಯಲ್ಲಿ. ಅಫ್ಲಾಟಾಕ್ಸಿನ್ ಆಗಲಿ ಫ್ಯುಮೊನಿಸಿನ್ ಆಗಲಿ ಆ ಬಿಸಿಗೆ ಹಾಳಾಗುವುದಿಲ್ಲ. ಬೆಂದರೆ ಸರಿಹೋಗುತ್ತದೆ ಎಂಬ ನಂಬಿಕೆ ಸೂಕ್ಷ್ಮಾಣುಗಳ ವಿಷಯದಲ್ಲಿ ಬಹುಪಾಲು ನಿಜ, ಈ ವಿಷಗಳ ವಿಷಯದಲ್ಲಿ ಅಲ್ಲ.

ಮೂರನೆಯದು ಮಾದರಿ ತೆಗೆಯುವ ತೊಡಕು. ಇದು ಯಂತ್ರದ ದೋಷವಲ್ಲ, ಆದರೆ ಎಲ್ಲಕ್ಕಿಂತ ದೊಡ್ಡ ದೋಷ ಹುಟ್ಟುವುದು ಇಲ್ಲೇ. ವಿಷ ಚೀಲದ ತುಂಬ ಸಮನಾಗಿ ಹರಡಿರುವುದಿಲ್ಲ. ಚೀಲದ ಒಂದು ಮೂಲೆ ನೀರು ಕುಡಿದಿದ್ದರೆ ಅಲ್ಲಿನ ಹಿಡಿ ಕಾಳಿನಲ್ಲೇ ಎಲ್ಲವೂ ಇರಬಹುದು. ಕೊಳವೆ ಚುಚ್ಚಿ ಒಂದು ಕಡೆಯಿಂದ ತೆಗೆದ ನೂರು ಗ್ರಾಂ ಕಾಳು ಹತ್ತು ಕ್ವಿಂಟಲ್‌ನ ಹಣೆಬರಹ ಹೇಳಲಾರದು. ಹಲವು ಚೀಲ, ಹಲವು ಆಳ, ಎಲ್ಲವನ್ನೂ ಬೆರೆಸಿ, ಬೀಸಿ, ಮತ್ತೆ ಬೆರೆಸಿ ತೆಗೆದ ಮಾದರಿಯೇ ಮಾದರಿ. ಲಕ್ಷಾಂತರ ರೂಪಾಯಿಯ ಯಂತ್ರ ಕೊಂಡು, ಮಾದರಿ ತೆಗೆಯುವವರಿಗೆ ತರಬೇತಿ ಕೊಡದಿದ್ದರೆ ದುಡ್ಡು ದಂಡ.

ಈಗ ರಾಗಿಗೆ ಬರೋಣ. ರಾಗಿ ಹಗೇವಿನಲ್ಲಿ ವರ್ಷಗಟ್ಟಲೆ ಕೆಡದೆ ಉಳಿಯುತ್ತಿತ್ತು. ಬರ ಬಂದಾಗ ಊರನ್ನು ಹಿಡಿದು ನಿಲ್ಲಿಸಿದ್ದು ಆ ಹಗೇವುಗಳೇ. ಈ ತಾಳಿಕೆಗೆ ಕಾರಣಗಳನ್ನು ವಿಜ್ಞಾನ ಒಂದೊಂದಾಗಿ ತೋರಿಸುತ್ತಿದೆ. ರಾಗಿಯ ಕೆಂಪು ಸಿಪ್ಪೆಯಲ್ಲಿ ಪಾಲಿಫೀನಾಲ್ ಎಂಬ ಒಗರು ಪದಾರ್ಥಗಳಿವೆ. ಅವು ಆಸ್ಪರ್ಜಿಲಸ್ ಫ್ಲೇವಸ್‌ನ ಬೆಳವಣಿಗೆಯನ್ನು ತಡೆಯುತ್ತವೆಂದು ಮೈಸೂರಿನಲ್ಲೇ ನಡೆದ ಅಧ್ಯಯನ ತೋರಿಸಿದೆ. ಕೆನಡಾದ ಗ್ವೆಲ್ಫ್ ವಿಶ್ವವಿದ್ಯಾನಿಲಯದ ಸಂಶೋಧಕರು 2016ರಲ್ಲಿ ಇನ್ನೊಂದು ಸೋಜಿಗವನ್ನು ಪ್ರಕಟಿಸಿದರು. ರಾಗಿಯ ಬೇರಿನಲ್ಲಿ ಎಂಟೆರೊಬ್ಯಾಕ್ಟರ್ ಜಾತಿಯ ಒಂದು ಬ್ಯಾಕ್ಟೀರಿಯಾ ವಾಸವಾಗಿದೆ. ವಿಷಕಾರಿ ಫ್ಯುಸೇರಿಯಂ ಗ್ರಾಮಿನೇರಂ ಹತ್ತಿರ ಬಂದಾಗ ಅದು ಬೇರಿನ ಕಡೆ ಧಾವಿಸುತ್ತದೆ, ಬೇರು ಕೂದಲುಗಳನ್ನು ದಟ್ಟವಾಗಿ ಬೆಳೆಸುತ್ತದೆ, ಆ ಬೇಲಿಯೊಳಗೆ ಶಿಲೀಂಧ್ರವನ್ನು ಸಿಕ್ಕಿಸಿ ಕೊಲ್ಲುತ್ತದೆ. ಸಾವಿರಾರು ವರ್ಷಗಳ ಸಾಗುವಳಿಯಲ್ಲಿ ಈ ಗಿಡ ತನ್ನೊಳಗೇ ಕಾವಲುಗಾರನನ್ನು ಇಟ್ಟುಕೊಂಡಿದೆ. ರಾಗಿ ಬೆಳೆಯುವವರಿಗೆ ಇದು ಹೆಮ್ಮೆಯ ಸಂಗತಿ.

ಆದರೆ ಹೆಮ್ಮೆಯನ್ನು ಅಭಯವೆಂದು ತಿಳಿಯಬಾರದು. ಉಗಾಂಡಾದ ರಾಗಿಯಲ್ಲಿ ಫ್ಯುಸೇರಿಯಂ ವರ್ಟಿಸಿಲಿಯಾಯ್ಡಿಸ್ ಸಿಕ್ಕಿದೆ. ಕಿರುಧಾನ್ಯವೆಂದರೆ ವಿಷದಿಂದ ಪಾರು ಎಂದೇನಿಲ್ಲ: 2024ರ ಅಕ್ಟೋಬರಿನಲ್ಲಿ ಮಧ್ಯಪ್ರದೇಶದ ಬಾಂಧವಗಢದಲ್ಲಿ 10 ಆನೆಗಳು ಹಾರಕದ ಬೆಳೆ ಮೇಯ್ದು ಸತ್ತವು. ಅವುಗಳ ದೇಹದಲ್ಲಿ ಸಿಕ್ಕಿದ್ದು ಸೈಕ್ಲೋಪಿಯಜೋನಿಕ್ ಆಮ್ಲ, ಅದೂ ಶಿಲೀಂಧ್ರ ತಯಾರಿಸುವ ವಿಷವೇ.

ಎಲ್ಲಕ್ಕಿಂತ ಮುಖ್ಯವಾಗಿ, ರಾಗಿಯನ್ನು ಕಾಪಾಡುತ್ತಿದ್ದ ಕೆಲಸದ ಕ್ರಮವೇ ಬದಲಾಗಿದೆ. ಹಿಂದೆ ಕೊಯ್ದ ರಾಗಿ ಹೊಲದಲ್ಲಿ ಬಾಡಿ, ಕಂತೆಯಾಗಿ, ಮೆದೆಯಲ್ಲಿ ವಾರಗಟ್ಟಲೆ ಕೂತು, ಬಿಸಿಲು ಚುರುಕಾದ ಮೇಲೆ ಸಗಣಿ ಸಾರಿಸಿದ ಕಣಕ್ಕೆ ಬರುತ್ತಿತ್ತು. ಈಗ ಆಳು ಸಿಗುವುದಿಲ್ಲ; ಕಟಾವು ಯಂತ್ರ ಒಂದೇ ದಿನದಲ್ಲಿ ಕೊಯ್ದು, ಒಕ್ಕಿ, ಚೀಲಕ್ಕೆ ಸುರಿಯುತ್ತದೆ. ತೆನೆಯಲ್ಲಿ ಆರಬೇಕಾದ ತೇವ ಚೀಲದೊಳಗೆ ಸೇರುತ್ತದೆ. ಅದರ ಮೇಲೆ 2021ರ ನವೆಂಬರಿನಂಥ ಮಳೆ. ಆ ತಿಂಗಳು ದಕ್ಷಿಣ ಕರ್ನಾಟಕದ ಉದ್ದಕ್ಕೂ ಕೊಯ್ಲಿಗೆ ಬಂದ ರಾಗಿ ನೆಲಕ್ಕೆ ಮಲಗಿ, ತೆನೆಯಲ್ಲೇ ಮೊಳಕೆಯೊಡೆದದ್ದನ್ನು ತಾವೆಲ್ಲ ನೋಡಿದ್ದೀರಿ. ಮೊಳೆತ ಕಾಳಿನ ಸಿಪ್ಪೆ ಬಿರಿದಿರುತ್ತದೆ. ಒಗರಿನ ಕೋಟೆಗೆ ಅಲ್ಲೇ ಬಾಗಿಲು ತೆರೆಯುತ್ತದೆ. ಮಳೆ ಸಿಕ್ಕ ಆ ರಾಗಿಯನ್ನು ನಾವು ಬಣ್ಣ ನೋಡಿ ಅಳೆದೆವು, ತೇವ ನೋಡಿ ಅಳೆದೆವು. ಅದರಲ್ಲಿ ಯಾವ ಶಿಲೀಂಧ್ರ ಸೇರಿತ್ತು ಎಂದು ಖರೀದಿಯ ಹಂತದಲ್ಲೇ ಕೇಳುವ ಏರ್ಪಾಡು ಇರಲಿಲ್ಲ.

ಇಲ್ಲೊಂದು ತಾಂತ್ರಿಕ ಎಚ್ಚರ ಬೇಕು. ರಾಗಿಯನ್ನು ಕಾಯುವ ಅದೇ ಪಾಲಿಫೀನಾಲ್ ಪಿಸಿಆರ್ ಕಿಣ್ವಕ್ಕೂ ಅಡ್ಡಿ ಮಾಡಬಲ್ಲದು. ಅಕ್ಕಿಗೋ ಮುಸುಕಿನ ಜೋಳಕ್ಕೋ ಒಪ್ಪುವಂತೆ ಹೊಂದಿಸಿದ ವಿಧಾನವನ್ನು ಹಾಗೆಯೇ ರಾಗಿಗೆ ಹಾಕಿದರೆ, ಶಿಲೀಂಧ್ರ ಇದ್ದೂ ಇಲ್ಲವೆಂಬ ಸುಳ್ಳು ಫಲಿತಾಂಶ ಬರಬಹುದು. ಡಿಎನ್‌ಎ ತೆಗೆಯುವಾಗಲೇ ಈ ಒಗರನ್ನು ಹಿಡಿದಿಡುವ ಪದಾರ್ಥ ಸೇರಿಸಬೇಕು. ಪ್ರತಿ ಪರೀಕ್ಷೆಯ ಜೊತೆಗೂ ಕಿಣ್ವ ನಿಜವಾಗಿ ಕೆಲಸ ಮಾಡಿದೆಯೇ ಎಂದು ತಿಳಿಸುವ ಒಳಸಾಕ್ಷಿಯೊಂದನ್ನು ಇಡಬೇಕು. ರಾಗಿಗೆ ರಾಗಿಯದೇ ವಿಧಾನ ಬೇಕು, ಅದನ್ನು ರಾಗಿಯ ಸೀಮೆಯವರೇ ರೂಪಿಸಬೇಕು.

ಮಾಗಡಿಯ ಮಟ್ಟಿಗೆ ಹೇಳುವುದಾದರೆ, ನನ್ನ ಹೆಚ್ಚಿನ ಆತಂಕ ಮುದ್ದೆಗಿಂತ ಹಾಲಿನ ಬಗ್ಗೆ. ಮನುಷ್ಯರು ತಿನ್ನದ ಮುಗ್ಗಿದ ಕಾಳನ್ನು ಚೆಲ್ಲುವವರು ಕಡಿಮೆ. ಅದು ದನದ ಬಾನಿಗೆ ಹೋಗುತ್ತದೆ. ಅಂಗಡಿಯ ಹಿಂಡಿ, ಬೂಸಾ, ಮುಸುಕಿನ ಜೋಳದ ನುಚ್ಚು ಎಲ್ಲಿಂದ ಬಂದಿತೆಂದು ಯಾರೂ ಕೇಳುವುದಿಲ್ಲ. ಹಸು ಅಫ್ಲಾಟಾಕ್ಸಿನ್ ಬಿ1 ತಿಂದರೆ ಅದರ ಯಕೃತ್ತು ಒಂದು ಪಾಲನ್ನು ಎಂ1 ಎಂಬ ರೂಪಕ್ಕೆ ತಿರುಗಿಸಿ ಹಾಲಿಗೆ ಬಿಡುತ್ತದೆ. ತಿಂದದ್ದರಲ್ಲಿ ನೂರಕ್ಕೆ ಒಂದೆರಡು ಪಾಲು, ಹೆಚ್ಚು ಹಾಲು ಕೊಡುವ ಹಸುಗಳಲ್ಲಿ ಆರರವರೆಗೂ, ಹೀಗೆ ದಾಟುತ್ತದೆ. ಒಂದು ದಿನದೊಳಗೆ ಹಾಲಿನಲ್ಲಿ ಕಾಣಿಸಿಕೊಳ್ಳುತ್ತದೆ. ಮೇವು ಬದಲಿಸಿದರೆ ಕೆಲವೇ ದಿನಗಳಲ್ಲಿ ಇಳಿಯುತ್ತದೆ. ಹಾಲು ಕಾಯಿಸಿದರೆ ಹೋಗುವುದಿಲ್ಲ. ಭಾರತದ ಮಿತಿ ಕಿಲೋ ಹಾಲಿಗೆ 0.5 ಮೈಕ್ರೋಗ್ರಾಂ, ಯುರೋಪಿನದು ಅದರ ಹತ್ತನೆಯ ಒಂದು ಪಾಲು. ಹಾಲಿನಲ್ಲಿ ಎಂ1 ಸಿಕ್ಕ ಮೇಲೆ ಡೇರಿಯಲ್ಲಿ ಯಾರ ಹಾಲು, ಯಾರ ಮೇವು ಎಂದು ಹಿಂದಕ್ಕೆ ಹುಡುಕಿಕೊಂಡು ಹೋಗುವುದು ಬಹಳ ಕಷ್ಟ. ಪಶು ಆಹಾರಕ್ಕೆ ಬರುವ ಮುಸುಕಿನ ಜೋಳವನ್ನೇ ಮೊದಲು ನೋಡಿದರೆ ಆ ಹುಡುಕಾಟವೇ ಬೇಡ. ವಂಶವಾಹಿ ಪರೀಕ್ಷೆಗೆ ಮೊದಲ ಜಾಗ ಎಲ್ಲಿ ಎಂದು ಕೇಳಿದರೆ, ಪಶು ಆಹಾರದ ಕಾರ್ಖಾನೆಯ ಒಳಬಾಗಿಲು ಎನ್ನುತ್ತೇನೆ.

ಎರಡನೆಯ ಜಾಗ ರಾಗಿ ಖರೀದಿ ಕೇಂದ್ರ. ಸರ್ಕಾರ ಬೆಂಬಲ ಬೆಲೆಗೆ ಕೊಂಡ ರಾಗಿಯೇ ಪಡಿತರವಾಗಿ ಬಡವರ ಮನೆಗೆ ಮರಳುತ್ತದೆ. 1995ರಲ್ಲಿ ಕಾಯಿಲೆ ಬಿದ್ದ ಬಗೆಯ ಮನೆಗಳಿಗೇ ಈ ಧಾನ್ಯ ಹೋಗುತ್ತದೆ ಎಂಬುದನ್ನು ನೆನೆದರೆ, ಅಲ್ಲಿ ತೇವಾಂಶ ನೋಡಿ ಸುಮ್ಮನಾಗುವುದು ಸಾಲದು. ಪ್ರತಿ ಚೀಲಕ್ಕೂ ಪಿಸಿಆರ್ ಮಾಡಿ ಎಂದು ನಾನು ಹೇಳುತ್ತಿಲ್ಲ. ಅದು ಆಗದ ಮಾತು. ಕೊಯ್ಲಿನ ಕಾಲದಲ್ಲಿ ಮಳೆ ಹಿಡಿದ ವರ್ಷ, ಮಳೆ ಹಿಡಿದ ಹೋಬಳಿಗಳಿಂದ ಬೆರಕೆ ಮಾದರಿ ತೆಗೆದು ನೋಡಲಿ. ಎಲ್ಲಿ ವಿಷಕಾರಿ ವಂಶವಾಹಿ ಸಿಕ್ಕಿತೋ ಆ ರಾಶಿಯನ್ನು ಮಾತ್ರ ರಾಸಾಯನಿಕ ಪರೀಕ್ಷೆಗೆ ಕಳಿಸಲಿ. ಮೊದಲನೆಯದು ಜಾಗ ತೋರಿಸುತ್ತದೆ, ಎರಡನೆಯದು ಪ್ರಮಾಣ ಹೇಳುತ್ತದೆ. 2000ದಲ್ಲಿ ಜಪಾನಿನಿಂದ ಬಂದ ಲ್ಯಾಂಪ್ ಎಂಬ ವಿಧಾನ ಈ ಕೆಲಸವನ್ನು ಹಗುರ ಮಾಡಿದೆ. ಅದಕ್ಕೆ ಏರಿಳಿಯುವ ಶಾಖ ಬೇಡ, 60ರಿಂದ 65 ಡಿಗ್ರಿಯಲ್ಲಿ ಸುಮಾರು ಒಂದು ಗಂಟೆ ಇಟ್ಟರೆ ಸಾಕು, ಫಲಿತಾಂಶವನ್ನು ಬಣ್ಣದಲ್ಲಿ ಓದಬಹುದು. ರಾಮನಗರ ಸೀಮೆಯ ಕೃಷಿ ವಿಜ್ಞಾನ ಕೇಂದ್ರ ಇದೇ ಮಾಗಡಿ ತಾಲ್ಲೂಕಿನ ಚಂದೂರಾಯನಹಳ್ಳಿಯಲ್ಲಿದೆ. ಅಂಥ ಕಡೆ ಇಂಥದೊಂದು ಮೇಜು ಹಾಕುವುದು ಅಸಾಧ್ಯವೇನಲ್ಲ.

ಇದರಿಂದ ಇನ್ನೊಂದು ಲಾಭವೂ ಉಂಟು. ವಿಷ ಮಾಡುವ ಫ್ಲೇವಸ್ ತಳಿಯನ್ನು ಹುಡುಕುವ ಪರೀಕ್ಷೆಯೇ, ಆ ವಂಶವಾಹಿಗಳನ್ನು ಕಳೆದುಕೊಂಡು ನಿರುಪದ್ರವಿಯಾದ ತಳಿಯನ್ನೂ ಹುಡುಕಿಕೊಡುತ್ತದೆ. ಆಫ್ರಿಕಾದಲ್ಲಿ ಸ್ಥಳೀಯ ಮಣ್ಣಿನಿಂದಲೇ ಆರಿಸಿದ ಅಂಥ ತಳಿಗಳನ್ನು ಜೋಳದ ಕಾಳಿಗೆ ಲೇಪಿಸಿ ಮುಸುಕಿನ ಜೋಳದ ಹೊಲದಲ್ಲಿ ಎರಚುತ್ತಾರೆ. ಒಳ್ಳೆಯದು ಜಾಗ ಹಿಡಿದು ಕೆಟ್ಟದ್ದನ್ನು ಹೊರದಬ್ಬುತ್ತದೆ. ಅಫ್ಲಾಸೇಫ್ ಎಂಬ ಹೆಸರಿನಲ್ಲಿ ಅದು ಹಲವು ದೇಶಗಳಲ್ಲಿ ಬಳಕೆಯಲ್ಲಿದೆ. ನಮ್ಮ ಮಣ್ಣಿಗೆ ನಮ್ಮ ಮಣ್ಣಿನದೇ ತಳಿ ಬೇಕು. ಅದನ್ನು ಹುಡುಕಬೇಕಾದರೂ ಮೊದಲು ಯಾವ ಹೋಬಳಿಯಲ್ಲಿ ಯಾವ ಶಿಲೀಂಧ್ರ ಇದೆ ಎಂಬ ನಕ್ಷೆ ಬೇಕು.

ಇನ್ನು ಉಳಿದಿರುವುದು ಎಲ್ಲಕ್ಕಿಂತ ಕಷ್ಟದ ಪ್ರಶ್ನೆ: ಪರೀಕ್ಷೆಯಲ್ಲಿ ಬಿದ್ದ ರಾಶಿ ಎಲ್ಲಿಗೆ ಹೋಗುತ್ತದೆ? ಖರೀದಿ ಕೇಂದ್ರ ಬೇಡವೆಂದ ಚೀಲವನ್ನು ರೈತ ಮನೆಗೆ ಹೊತ್ತೊಯ್ದರೆ, ಅದು ಸಂಜೆಯೊಳಗೆ ಅರ್ಧ ಬೆಲೆಗೆ ದಲ್ಲಾಳಿಯ ಪಾಲಾಗುತ್ತದೆ. ಅಲ್ಲಿಂದ ಅಗ್ಗದ ಹಿಟ್ಟಾಗಿ, ಇಲ್ಲವೇ ಹಸುವಿನ ಬಾನಿಗೆ. ಆಗ ಪರೀಕ್ಷೆ ವಿಷವನ್ನು ಕಡಿಮೆ ಮಾಡಿದಂತಾಗುವುದಿಲ್ಲ, ಅದನ್ನು ಇನ್ನೂ ಬಡವರ ಕಡೆಗೆ ತಳ್ಳಿದಂತಾಗುತ್ತದೆ. ಮಳೆಯಿಂದ ಒಮ್ಮೆ ಸೋತ ರೈತನಿಗೆ ಎರಡನೆಯ ಪೆಟ್ಟೂ ಆಗುತ್ತದೆ. ಹಾಗಾಗಿ ಪರೀಕ್ಷೆ ಮಾಡುವ ಸರ್ಕಾರವೇ ಬಿದ್ದ ರಾಶಿಯನ್ನು ಬೆಂಬಲ ಬೆಲೆಗೆ ಕೊಳ್ಳಬೇಕು. ಕೊಳ್ಳುವ ಭರವಸೆ ಇಲ್ಲದೆ ಪರೀಕ್ಷೆ ಶುರು ಮಾಡುವುದಾದರೆ ಅದನ್ನು ನಾನು ಬೆಂಬಲಿಸುವುದಿಲ್ಲ.

ಕೊಂಡದ್ದನ್ನು ಏನು ಮಾಡುವುದು ಎಂದರೆ, ಎಥನಾಲ್‌ಗೆ ಕಳಿಸಿ ಎಂಬ ಉತ್ತರ ಥಟ್ಟನೆ ಬರುತ್ತದೆ. 2018ರ ರಾಷ್ಟ್ರೀಯ ಜೈವಿಕ ಇಂಧನ ನೀತಿ ಹಾಳಾದ ಧಾನ್ಯದಿಂದ ಎಥನಾಲ್ ತೆಗೆಯಲು ಅವಕಾಶ ಕೊಟ್ಟಿದೆ. ಎಥನಾಲ್ ಶುದ್ಧವಾಗಿ ಬಟ್ಟಿಯಾಗುತ್ತದೆ, ವಿಷ ಅದರ ಜೊತೆ ಬರುವುದಿಲ್ಲ. ಆದರೆ ಪಿಷ್ಟವೆಲ್ಲ ಮದ್ಯಸಾರವಾದ ಮೇಲೆ ಉಳಿಯುವ ಗಸಿಯಲ್ಲಿ ವಿಷ ಸುಮಾರು ಮೂರು ಪಟ್ಟು ಗಟ್ಟಿಯಾಗಿ ಕೂರುತ್ತದೆ. ಆ ಗಸಿಯನ್ನು ಒಣಗಿಸಿ ಮಾರುವುದು ಕೋಳಿ ಮತ್ತು ದನದ ಆಹಾರಕ್ಕೆ. ಹುದುಗಿಸಿ, ಕಾಯಿಸಿ, ಒಣಗಿಸಿದ ಆ ಪುಡಿಯಲ್ಲಿ ಶಿಲೀಂಧ್ರದ ಡಿಎನ್‌ಎ ನಂಬುವಷ್ಟು ಉಳಿದಿರುವುದಿಲ್ಲ. ಈ ಹಂತದಲ್ಲಿ ವಂಶವಾಹಿ ಪರೀಕ್ಷೆ ಕೈಕೊಡುತ್ತದೆ. ಆದ್ದರಿಂದ ಡಿಸ್ಟಿಲರಿಗೆ ಹಾಳಾದ ಧಾನ್ಯ ಕೊಡುವಾಗಲೇ ಕರಾರಿನಲ್ಲಿ ಬರೆಸಿಕೊಳ್ಳಬೇಕು: ಆ ಗಸಿಯ ಪ್ರತಿ ಲಾಟಿಗೂ ರಾಸಾಯನಿಕ ಪರೀಕ್ಷೆ ಆಗಬೇಕು, ಮಿತಿ ಮೀರಿದ್ದು ಬಾಯ್ಲರಿನ ಬೆಂಕಿಗೆ ಹೋಗಬೇಕು, ಮಾಗಡಿಯ ಯಾವ ಕೊಟ್ಟಿಗೆಗೂ ಬರಬಾರದು.